ಮಧ್ಯಂತರಕ್ಕೆ ಎದ್ದುಹೋದ ಬಸಂತರಾಯರು

ಇಂಗಳೇಶ್ವರದ ಬಸಂತರಾಯರು ತಮ್ಮ ಅರವತ್ತನಾಲ್ಕು ವರ್ಷದ ಬಾಳಿನಲ್ಲಿ ಸಾವಿರಕ್ಕೂ ಮಿಕ್ಕಿ ಸಿನೆಮಾ ನೋಡಿದ್ದರು, ಆದರೆ ಒಂದನ್ನೂ ಪೂರ್ತಿ ನೋಡಿರಲಿಲ್ಲ. ಈ ಮಾತಿನ ಮೊದಲರ್ಧ ನಾಲ್ಕು ತಾಲೂಕಿಗೆ ಗೊತ್ತಿತ್ತು. ಉಳಿದರ್ಧ ಗೊತ್ತಿದ್ದದ್ದು ಈ ಭೂಮಿಯ ಮೇಲೆ ಮೂವರಿಗೆ ಮಾತ್ರ: ಸ್ವತಃ ಅವರಿಗೆ, ಹೆಂಡತಿ ಹೊನ್ನವ್ವನಿಗೆ, ಇಂಡಿ ಪಟ್ಟಣದ ಟಾಕೀಸಿನ ಬಾಗಿಲು ಕಾಯುತ್ತಿದ್ದ ಇಸಾಕನಿಗೆ.

ಲೋಕದಲ್ಲಿ ಕೆಲವರು ಉಳ್ಳಾಗಡ್ಡಿ ಬಿಡುತ್ತಾರೆ, ಕೆಲವರು ಸೋಮವಾರ ಒಪ್ಪೊತ್ತು ಉಣ್ಣುತ್ತಾರೆ. ಬಸಂತರಾಯರು ಸಿನೆಮಾದ ಎರಡನೆಯ ಅರ್ಧ ಬಿಟ್ಟಿದ್ದರು. ಅದೇನು ಹರಕೆಯಲ್ಲ, ಬಸ್ಸಿನ ವೇಳೆಯೇ ಹಾಗಿತ್ತು.

ಅವರು ಬಸ್ಸಿನ ಕಂಡಕ್ಟರು. ಇಪ್ಪತ್ತಾರು ವರ್ಷ ಒಂದೇ ಹಾದಿ. ಬೆಳಿಗ್ಗೆ ಹತ್ತಕ್ಕೆ ಮುದ್ದೇಬಿಹಾಳ ಬಿಟ್ಟು, ಬಸವನ ಬಾಗೇವಾಡಿ ಮುಟ್ಟಿ, ಸಿಂದಗಿ ಹಾಯ್ದು, ಎರಡೂಕಾಲಿಗೆ ಇಂಡಿ. ಅಲ್ಲಿಂದ ನಾಲ್ಕೂ ಹತ್ತಕ್ಕೆ ಮತ್ತದೇ ಹಾದಿಯಲ್ಲಿ ವಾಪಸ್ಸು. ನಡುವಿನ ಎರಡು ತಾಸನ್ನು ಡ್ರೈವರು ರೊಟ್ಟಿ ಬುತ್ತಿಗೂ ಬೇವಿನ ನೆರಳಿಗೂ ಒಪ್ಪಿಸಿದರೆ, ಬಸಂತರಾಯರು ಬಸ್ ನಿಲ್ದಾಣದ ಹಿಂದಿದ್ದ ಟಾಕೀಸಿಗೆ ಒಪ್ಪಿಸಿದರು. ಮ್ಯಾಟಿನಿ ಶುರುವಾಗುತ್ತಿದ್ದದ್ದು ಎರಡೂವರೆಗೆ. ಮಧ್ಯಂತರ ಬೀಳುತ್ತಿದ್ದದ್ದು ನಾಲ್ಕಕ್ಕೆ ಐದು ನಿಮಿಷ ಇರುವಾಗ. ಬಾಗಿಲ ಪರದೆಯ ಮಗ್ಗುಲಿಗೆ ಇಸಾಕ ಅವರಿಗೆಂದೇ ಒಂದು ಕಬ್ಬಿಣದ ಸ್ಟೂಲು ಹಾಕಿಟ್ಟಿರುತ್ತಿದ್ದ. ಪರದೆಯ ಮೇಲೆ ‘ಮಧ್ಯಂತರ’ ಎಂಬ ಅಕ್ಷರ ಮೂಡಿದ್ದೇ ಅವನ ಬ್ಯಾಟರಿಯ ಬೆಳಕು ಬಸಂತರಾಯರ ಕಾಲ ಬಳಿ ಬೀಳುತ್ತಿತ್ತು. ಬೆಳಕು ಬಿದ್ದರೆ ಕಾಲು ತಾನೇ ಏಳುತ್ತಿತ್ತು. ನಾಯಕಿಯ ಕುತ್ತಿಗೆಗೆ ಕತ್ತಿ ಇರಲಿ, ನಾಯಕ ಪ್ರಪಾತದ ಅಂಚಿನಲ್ಲಿ ಒಂದೇ ಕೈಯಲ್ಲಿ ಜೋತಾಡುತ್ತಿರಲಿ, ನಾಲ್ಕೂ ಹತ್ತಕ್ಕೆ ಸೀಟಿ ಊದಬೇಕು.

ವಾರದ ರಜೆಯ ದಿನ ಹೋಗಿ ಉಳಿದರ್ಧ ನೋಡಬಹುದಿತ್ತಲ್ಲ ಎನ್ನುವವರು ಹೊನ್ನವ್ವನನ್ನು ಕಂಡವರಲ್ಲ. ರಜೆಯ ದಿನ ಆಕೆ ಗಂಡನನ್ನು ಹೊಲಕ್ಕೆ ಕರೆದೊಯ್ಯುತ್ತಿದ್ದಳು. ಹೊನ್ನವ್ವನ ಹೊಲದಲ್ಲಿ ಮಧ್ಯಂತರ ಇರಲಿಲ್ಲ.

ಹೀಗೆ ಅರ್ಧ ನೋಡಿದ ಮನುಷ್ಯ ಸುಮ್ಮನಿದ್ದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಆದರೆ ವಾಪಸ್ಸು ಬರುವ ಬಸ್ಸಿನಲ್ಲಿ ಜನ ಇರುತ್ತಿದ್ದರು. ಕಂಡಕ್ಟರು ಟಾಕೀಸಿನಿಂದ ಬಂದದ್ದನ್ನು ಅವರು ಕಂಡಿರುತ್ತಿದ್ದರು. ಮೊದಲ ವರ್ಷವೇ ಒಂದು ದಿನ ಕನ್ನೊಳ್ಳಿಯ ಮರೆವ್ವ ಎಂಬ ಹೆಣ್ಣುಮಗಳು ಬುಟ್ಟಿ ಸಮೇತ ಮುಂದಿನ ಸೀಟಿನಲ್ಲಿ ಕೂತು ಸಿನೆಮಾದ ಕಥೆ ಕೇಳಿದಳು. ಬಸಂತರಾಯರು ಟಿಕೇಟು ಹರಿಯುತ್ತ ಹರಿಯುತ್ತ ಹೇಳಿದರು. ಒಬ್ಬ ಕುರುಡಿ ತಾಯಿ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಇಬ್ಬರು ಮಕ್ಕಳು, ಒಬ್ಬ ಪೊಲೀಸ, ಒಬ್ಬ ಕಳ್ಳ. ಸಿಂದಗಿ ಬರುವ ಹೊತ್ತಿಗೆ ಕಥೆ ಮಧ್ಯಂತರ ಮುಟ್ಟಿತು. ಮರೆವ್ವ ಬುಟ್ಟಿಯನ್ನು ಕೆಳಗಿಳಿಸಿ, ತಾನು ಮಾತ್ರ ಬಸ್ಸಿನ ಮೆಟ್ಟಿಲ ಮೇಲೆ ಗಟ್ಟಿಯಾಗಿ ಕೂತುಬಿಟ್ಟಳು.

“ಆ ತಾಯಿಗಿ ಕಣ್ಣ ಬರೂ ಮಟಾ ನಾ ಇಳಿಯಾಂಗಿಲ್ಲ ನೋಡಪಾ” ಎಂದಳು.

ಹಿಂದೆ ನಿಂತ ಲಾರಿ ಹಾರ್ನು ಹೊಡೆಯಿತು. ಡ್ರೈವರು ಕನ್ನಡಿಯಲ್ಲಿ ಕಣ್ಣು ಕೆಕ್ಕರಿಸಿದ. ಗೊತ್ತಿಲ್ಲ ಎಂದು ಹೇಳುವುದಕ್ಕೆ ಒಂದು ನಿಮಿಷ ಸಾಕಿತ್ತು, ಆದರೆ ಬಸಂತರಾಯರು ಮರೆವ್ವನ ಮುಖ ನೋಡಿದರು. ಆಕೆಯ ಬಲಗಣ್ಣಿನ ಮೇಲೆ ಹಾಲಿನ ಕೆನೆಯಂತೆ ಪೊರೆ ಬಂದಿತ್ತು. ಅರ್ಧ ನಿಮಿಷದಲ್ಲಿ ಅವರು ಕಳ್ಳ ಮಗನಿಂದ ತಾಯಿಗೆ ಕಣ್ಣಿನ ಆಪರೇಷನ್ ಮಾಡಿಸಿದರು, ಪೊಲೀಸ ಮಗನಿಂದ ಪಟ್ಟಿ ಬಿಚ್ಚಿಸಿದರು, ತಾಯಿ ಇಬ್ಬರ ಮುಖ ನೋಡಿ ನಕ್ಕಳು. ಮರೆವ್ವ ಎದ್ದು ಇಳಿದಳು. ತಿಂಗಳೊಪ್ಪತ್ತಿನ ಮೇಲೆ ಆಕೆ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಸ್ಸು ಹತ್ತಿದಾಗ, ತನ್ನ ಬಾಯಿಗೆ ಎಂಥ ಬಲ ಇದೆ ಎಂಬುದು ಬಸಂತರಾಯರಿಗೆ ತಿಳಿದು ಅವರು ಸ್ವಲ್ಪ ಹೆದರಿದರು, ಬಹಳ ಹಿಗ್ಗಿದರು.

ಅಲ್ಲಿಂದ ಮುಂದೆ ಅದೊಂದು ಶಾಸ್ತ್ರವೇ ಆಯಿತು. ಒಂದೇ ಸಿನೆಮಾಕ್ಕೆ ಸಿಂದಗಿಯಲ್ಲಿ ಒಂದು ಕೊನೆ, ಬಾಗೇವಾಡಿಯಲ್ಲಿ ಇನ್ನೊಂದು, ಮುದ್ದೇಬಿಹಾಳದಲ್ಲಿ ಮತ್ತೊಂದು. ಕೇಳುವವರ ಮುಖ ನೋಡಿ ಅವರು ಕೊನೆ ಕೊಡುತ್ತಿದ್ದರು. ಸಿಂದಗಿಯವರನ್ನು ಬಾಗೇವಾಡಿಗೆ ಒಯ್ದು ಇಳಿಸುವುದು ಅನ್ಯಾಯ. ಯಾರು ಎಲ್ಲಿ ಇಳಿಯಬೇಕೋ ಅಲ್ಲಿಗೇ ಟಿಕೇಟು ಹರಿಯಬೇಕು ಎಂಬುದು ಅವರು ಕಲಿತ ಏಕೈಕ ನ್ಯಾಯಶಾಸ್ತ್ರ.

ಇಂಥ ಮಹನೀಯರು ನಿವೃತ್ತರಾಗಿ ಮನೆಯಲ್ಲಿ ಕೂತರೆ ಮನೆಗೆ ಕಷ್ಟ. ಹೊನ್ನವ್ವ ಎಂಟು ದಿನ ತಡೆದುಕೊಂಡಳು. ಒಂಬತ್ತನೆಯ ದಿನ, ನಿಮ್ಮ ಮಾತು ಕೇಳುವವರು ಯಾರಾದರೂ ಇದ್ದರೆ ಹುಡುಕಿಕೊಳ್ಳಿರಿ ಎಂದಳು. ಹೀಗೆ ಹುಟ್ಟಿದ್ದು ಮುದ್ದೇಬಿಹಾಳದ ‘ಕಡೆಯ ಭಾನುವಾರ ಮಂಡಳಿ’. ಸದಸ್ಯರು ನಾಲ್ವರು. ನಾಲ್ವರಲ್ಲಿ ಮೂವರು ಅವರ ಬಸ್ಸಿನ ಹಳೆಯ ಗಿರಾಕಿಗಳೇ. ಮುದ್ದೇಬಿಹಾಳದ ಬೀಜದ ಅಂಗಡಿಯ ಶ್ರೀಶೈಲ, ಮಂಡಳಿಯ ಕಾರ್ಯದರ್ಶಿ. ಆಡಿದ ಮಾತನ್ನೆಲ್ಲ ದಪ್ಪ ನೋಟುಪುಸ್ತಕದಲ್ಲಿ ಬರೆದಿಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಸಿಂದಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟ ಪರಮಾನಂದ, ಬಸಂತರಾಯರ ಓರಗೆಯವನು, ಅವರನ್ನು ಏಕವಚನದಲ್ಲಿ ಕರೆಯುವ ಹಕ್ಕಿದ್ದ ಏಕೈಕ ಸದಸ್ಯ. ಬಾಗೇವಾಡಿಯ ಸಾಲಿಯೊಂದರ ಮುಖ್ಯೋಪಾಧ್ಯಾಯಿನಿ ವಿಜಯಶ್ರೀ, ಕಡಿಮೆ ಮಾತಿನವಳು; ಆಡಿದ ಮಾತಿಗೆ ಉಳಿದವರು ಕಿವಿ ನಿಮಿರಿಸಿಕೊಂಡು ಕೂಡುತ್ತಿದ್ದರು. ಸಭೆ ನಡೆಯುತ್ತಿದ್ದದ್ದು ಶ್ರೀಶೈಲನ ಅಂಗಡಿಯ ಮಾಳಿಗೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಸದಸ್ಯರಿಗೆ ಆಸನ ಬೀಜದ ಚೀಲ. ಅಧ್ಯಕ್ಷರಾದ ಬಸಂತರಾಯರಿಗೆ ಮಾತ್ರ ಪ್ರಮಾಣೀಕೃತ ಬಿಳಿಜೋಳದ ಚೀಲ.

ಮೊದಲ ಸಭೆ ಹತ್ತು ನಿಮಿಷದಲ್ಲಿ ಮುರಿದುಬಿತ್ತು. ಯಾವ ನಟ ದೊಡ್ಡವನು ಎಂಬ ಮಾತಿಗೆ ಪರಮಾನಂದನೂ ಶ್ರೀಶೈಲನೂ ಕೊರಳಪಟ್ಟಿ ಹಿಡಿದರು, ಚಹಾದ ಕೆಟಲು ಹತ್ತಿಬೀಜದ ಮೇಲೆ ಉರುಳಿತು. ಆಗ ಬಸಂತರಾಯರು ಮಂಡಳಿಯ ಮೊದಲ ಕಾಯಿದೆ ಮಾಡಿದರು. ಇನ್ನು ಮುಂದೆ ಈ ಮಾಳಿಗೆಯಲ್ಲಿ ನಟರ ಹೆಸರನ್ನಾಗಲೀ ಸಿನೆಮಾದ ಹೆಸರನ್ನಾಗಲೀ ಯಾರೂ ಎತ್ತಕೂಡದು. ಸಿನೆಮಾವನ್ನು ಅದರೊಳಗಿನ ಸಾಮಾನಿನಿಂದ ಗುರುತಿಸಬೇಕು. ಹೀಗಾಗಿ ಅಲ್ಲಿ ‘ಒಡೆದ ಕನ್ನಡಿಯ ಸಿನೆಮಾ’, ‘ಎರಡು ಎಮ್ಮೆ ಸಿನೆಮಾ’, ‘ಗೌಡನ ಕೋಲಿನ ಸಿನೆಮಾ’ ಎಂದೇ ಮಾತು. ಎರಡನೆಯ ಕಾಯಿದೆ, ತಿಂಗಳಿಗೊಂದು ವಿಷಯ. ಆ ತಿಂಗಳು ಆ ಜಾತಿಯ ಸಿನೆಮಾಗಳನ್ನು ಬಿಟ್ಟು ಬೇರೆ ಮಾತಿಲ್ಲ.

ಆ ವಿಷಯಗಳನ್ನು ಕೇಳಬೇಕು. ಮಳೆಯಲ್ಲಿ ನೆನೆದರೂ ನೆಗಡಿ ಬಾರದವರ ಸಿನೆಮಾಗಳಿಗೆ ಒಂದು ತಿಂಗಳು. ಒಲೆಯ ಮುಂದೆ ಅಳುವ ತಾಯಂದಿರಿಗೆ ಒಂದು ತಿಂಗಳು. ಆ ತಿಂಗಳು ವಿಜಯಶ್ರೀ, ಇಷ್ಟು ಸಿನೆಮಾಗಳಲ್ಲಿ ಒಬ್ಬ ತಾಯಿಯೂ ಅತ್ತ ಮೇಲೆ ಉಂಡದ್ದನ್ನು ತೋರಿಸಿಲ್ಲ ಎಂದಿದ್ದಳು. ಬಡವರ ಮನೆಯಲ್ಲಿ ಹೊಸ ಬಟ್ಟೆಗಳ ಸಿನೆಮಾಗಳಿಗೆ ಒಂದು ತಿಂಗಳು, ಅದು ಪರಮಾನಂದನ ಪ್ರಭಾವ. ಹರಿದ ಅಂಗಿಗೆ ಹಚ್ಚಿದ ತೇಪೆ ಮಷೀನಿನದೋ ಕೈಹೊಲಿಗೆಯದೋ ಎಂದು ಆತ ಒಂದೂವರೆ ತಾಸು ಮಾತಾಡಿದ. ಬಸ್ಸು ಬರುವ ಸಿನೆಮಾಗಳ ತಿಂಗಳಲ್ಲಂತೂ ಬಸಂತರಾಯರು ದಿಗ್ವಿಜಯವನ್ನೇ ಮಾಡಿದರು. ನಾಯಕಿ ಹತ್ತಿದ ಕೂಡಲೇ ಬಸ್ಸು ಬಿಡುತ್ತದಲ್ಲ, ಅಲ್ಲಿ ಸೀಟಿ ಊದಿದವರು ಯಾರು ಎಂದು ಅವರು ಕೇಳಿದ ಪ್ರಶ್ನೆಗೆ ಇವತ್ತಿಗೂ ಉತ್ತರವಿಲ್ಲ.

ಗಮನಿಸಬೇಕಾದ್ದೆಂದರೆ, ಮೊದಲರ್ಧದ ಬಗ್ಗೆ ಬಸಂತರಾಯರಷ್ಟು ಕಂಡವರು ಯಾರೂ ಇರಲಿಲ್ಲ. ಮುಂದೆ ಏನಾಗುತ್ತದೆಂದು ನೋಡಲು ಸಿಗದ ಮನುಷ್ಯ ಎದುರಿಗಿರುವುದನ್ನು ಕಣ್ಣಿಟ್ಟು ನೋಡುತ್ತಾನೆ. ಎರಡನೆಯ ಅರ್ಧಕ್ಕೆ ಮಾತು ಬಂದಾಗ ಅವರು ಮೀಸೆ ಸವರಿ, “ಅದರ ಬಗ್ಗೆ ನಾ ಏನ್ ಹೇಳೂದೈತ್ರಿ, ನೋಡಿದವರಿಗೆ ಗೊತ್ತೈತಿ” ಎನ್ನುತ್ತಿದ್ದರು. ಈ ವಾಕ್ಯ ಶ್ರೀಶೈಲನ ನೋಟುಪುಸ್ತಕದಲ್ಲಿ ಹನ್ನೊಂದು ಸಲ ದಾಖಲಾಗಿತ್ತು. ಹನ್ನೊಂದು ಸಲವೂ ಅದರ ಕೆಳಗೆ ಗಹನವಾದ ವಿಮರ್ಶೆ ಎಂದು ಗೆರೆ ಎಳೆಯಲಾಗಿತ್ತು.

ನಾಲ್ಕು ವರ್ಷ ಹೀಗೆ ವೈಭವದಿಂದ ಆಳಿದ ಮೇಲೆ ಸಂಕಟ ಬಂತು. ಒಂದು ಭಾನುವಾರ ಶ್ರೀಶೈಲ ಎದ್ದುನಿಂತು, ನಾವು ಎಲ್ಲ ವಿಷಯ ಮುಗಿಸಿದ್ದೇವೆ, ಒಂದನ್ನು ಮಾತ್ರ ಮುಟ್ಟಿಲ್ಲ ಎಂದ. ಮುಂದಿನ ತಿಂಗಳ ವಿಷಯ ‘ಕೊನೆ’. ಅದಕ್ಕೆಂದು ಅವನು ಫೋನಿನಲ್ಲಿ ಹುಡುಕಿ ಹುಡುಕಿ ಒಂದು ಹಳೆಯ ಸಿನೆಮಾ ತೆಗೆದಿದ್ದ. ಅದು ‘ಹೊಲಿಗೆ ಮಷೀನಿನ ಸಿನೆಮಾ’. ಹೆಸರು ಕೇಳಿದ್ದೇ ಪರಮಾನಂದ ತೊಡೆ ತಟ್ಟಿಕೊಂಡ. ಎಂದೂ ಹೆಚ್ಚು ಮಾತಾಡದ ವಿಜಯಶ್ರೀ, ಅದು ತನ್ನ ಬಾಳಿನ ಸಿನೆಮಾ ಎಂದಳು. ಮೂವರೂ ಅದನ್ನು ಕಣ್ಣಾರೆ ನೋಡಿದವರಂತೆ ಮಾತಾಡಿದರು. ಮೊದಲು ಚರ್ಚೆ, ಆಮೇಲೆ ಮಾಳಿಗೆಯ ಟಿ.ವಿ.ಯಲ್ಲಿ ಮಧ್ಯಂತರದಿಂದ ಕೊನೆಯವರೆಗೆ ಪ್ರದರ್ಶನ ಎಂದು ಗೊತ್ತಾಯಿತು.

“ಇನ್ನೊಂದ್ ಐತ್ರಿ ಕಾಕಾ” ಎಂದ ಶ್ರೀಶೈಲ. “ಇಂಡ್ಯಾಗ ಇಸಾಕ ಅಂತ ಗೇಟ್‌ಕೀಪರ್ ಇದ್ರಂತ. ಎಲ್ಲಾ ಸಿನೆಮಾದ್ದೂ ಕೊನೀ ದಿನಕ್ಕ ಮೂರ್ ಸಲ ನೋಡಿದವರು. ಅವರನ್ನ ಮುಖ್ಯ ಅತಿಥಿ ಮಾಡೇನಿ.”

ಬಸಂತರಾಯರಿಗೆ ಬಿಳಿಜೋಳದ ಚೀಲ ಕಾದ ಹಂಚಿನಂತಾಯಿತು.

ಆ ತಿಂಗಳು ಅವರಿಗೆ ರೊಟ್ಟಿ ರುಚಿಸಲಿಲ್ಲ. ಬಸ್ಸಿನಲ್ಲಿದ್ದಾಗ ಅವರು ಬರೀ ಕಂಡಕ್ಟರು, ಹೊಲದಲ್ಲಿ ಬರೀ ಹೊನ್ನವ್ವನ ಗಂಡ. ತಿಂಗಳಿಗೆ ಒಂದು ದಿನ, ಆ ಚೀಲದ ಮೇಲೆ ಮಾತ್ರ, ಅವರು ಬಸಂತರಾಯರು. ಮುಂದಿನ ಸಭೆಯಲ್ಲಿ ಅಲ್ಲಿಂದ ಇಳಿಸಿಬಿಟ್ಟರೆ ಮತ್ತೆಲ್ಲಿ ಕೂಡುವುದು? ಹೊನ್ನವ್ವ ಹತ್ತಿ ಬಿಡಿಸುತ್ತ ಎಲ್ಲ ಕೇಳಿಸಿಕೊಂಡಳು. ಆ ಸಿನೆಮಾ ನನ್ನ ಫೋನಿನಲ್ಲೂ ಬರುತ್ತದೆ, ಈಗಲೇ ಕೂತು ಕೊನೆ ನೋಡಿಕೊಂಡು ಹೋಗಿರಿ, ಮುಗಿಯಿತು ಎಂದಳು. ಸರಳ ಉಪಾಯ. ಬಸಂತರಾಯರು ಪಡಸಾಲೆಯಲ್ಲಿ ಕೂತರು. ಮೊದಲರ್ಧ ಮೂವತ್ತು ವರ್ಷದ ಹಿಂದಿನಷ್ಟೇ ಚೆನ್ನಾಗಿತ್ತು. ‘ಮಧ್ಯಂತರ’ ಎಂಬ ಅಕ್ಷರ ಮೂಡಿತು. ಬಸಂತರಾಯರು ಎದ್ದರು, ಚಪ್ಪಲಿ ಮೆಟ್ಟಿದರು, ಊರಬಾಗಿಲ ಅಗಸಿಯವರೆಗೆ ನಡೆದುಹೋಗಿ ನಿಂತರು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಹೊನ್ನವ್ವ ಸೆರಗಿನ ತುದಿಯನ್ನು ಅವರ ಧೋತರದ ತುದಿಗೆ ಗಂಟು ಹಾಕಿ ಕೂತಳು. ಅವರು ಆಕೆಯನ್ನೂ ಕರೆದುಕೊಂಡು ಅಗಸಿಗೆ ಹೋದರು.

“ಕಾಲಿಗಿ ಹೆದರಿಕಿ ಇಲ್ರಿ” ಎಂದಳು ಹೊನ್ನವ್ವ, ಗಂಟು ಬಿಚ್ಚುತ್ತ. “ಹೆದರಿಕಿ ಇರೂದು ನಿಮಗ. ಆ ಕೊನೀ ನಿಮ್ಮ ಕೊನೀಕಿಂತ ಚಲೋ ಇದ್ರ ಹೆಂಗ ಅಂತ.”

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ಹೀಗೆ ಗುರಿ ತಪ್ಪದೆ ಹೊಡೆದದ್ದು ಇದೇ ಮೊದಲಲ್ಲ. ಆದರೂ ನೋವಾಯಿತು.

ಭಾನುವಾರ ಬೆಳಿಗ್ಗೆ ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಬಸಂತರಾಯರು ಇಸಾಕನನ್ನು ಎದುರುಗೊಂಡರು. ಇಸಾಕನಿಗೆ ಈಗ ಎಪ್ಪತ್ತರ ಮೇಲೆ. ಟಾಕೀಸು ಮುಚ್ಚಿ ಕಾಳಿನ ಗೋದಾಮಾಗಿ ಹದಿನೈದು ವರ್ಷವಾದರೂ ಅಂಗಿಯ ಜೇಬಿನಲ್ಲಿ ಅದೇ ಬ್ಯಾಟರಿ. ಇಬ್ಬರೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಬಸಂತರಾಯರು ಸುತ್ತು ಬಳಸಿ ವಿಷಯಕ್ಕೆ ಬಂದರು. ಇಸಾಕ ತಲೆ ಅಲ್ಲಾಡಿಸಿದ.

“ಸುಳ್ಳ ಹೇಳೂದು ನನ್ನ ಕಡೀಂದ ಆಗಾಂಗಿಲ್ರಿ ಸಾಹೇಬ್ರ. ಆದ್ರ ಕೇಳೂ ಮಟಾ ನಾ ಬಾಯಿ ಬಿಡಾಂಗಿಲ್ಲ.”

ಇದನ್ನೇ ದೊಡ್ಡ ಅಭಯವೆಂದು ಹಿಡಿದು ಬಸಂತರಾಯರು ಮಾಳಿಗೆ ಹತ್ತಿದರು.

ಸಭೆ ಶುರುವಾಯಿತು. ಇಸಾಕ ಒಳಗೆ ಬಂದು ಕೂಡದೆ ತನ್ನ ರೂಢಿಯಂತೆ ಬಾಗಿಲ ಬಳಿಯ ಚೀಲದ ಮೇಲೆ ಕೂತ. ಶ್ರೀಶೈಲ ಮೊದಲರ್ಧದ ಕಥೆಯನ್ನು ಒಪ್ಪವಾಗಿ ಹೇಳಿದ: ಗಂಡ ಹೊಡೆದು ಹೊರಗೆ ಹಾಕಿದ ಹೆಣ್ಣುಮಗಳು ಒಂದು ಹಳೆಯ ಹೊಲಿಗೆ ಮಷೀನು ಕೊಂಡು ಬದುಕು ಕಟ್ಟುತ್ತಾಳೆ, ಒಂದು ದಿನ ಮೈದುನ ಬಂದು ಆ ಮಷೀನನ್ನೇ ಬಂಡಿಗೆ ಹಾಕಿಕೊಂಡು ಹೋಗುತ್ತಾನೆ, ಆಕೆ ಖಾಲಿ ಕೈಯಲ್ಲಿ ಹಾದಿಯ ನಡುವೆ ನಿಲ್ಲುತ್ತಾಳೆ. ಮಧ್ಯಂತರ. ಎಲ್ಲರೂ ಹೌದೆಂದರು. ಇನ್ನು ಕೊನೆ ಯಾರು ಹೇಳುತ್ತೀರಿ ಎಂದು ಅವನು ಕೇಳಿದ.

ಪರಮಾನಂದ ಕಾಯುತ್ತಲೇ ಇದ್ದ. ಆಕೆ ಬೇರೆಯವರ ಅಂಗಡಿಯಲ್ಲಿ ದುಡಿದು ಹೊಸ ಮಷೀನು ತಂದು, ಊರಿಗೇ ದೊಡ್ಡ ಅಂಗಡಿ ಹಾಕುತ್ತಾಳೆ. ಅದೇ ಮೈದುನ ಮದುವೆಯ ಅಂಗಿ ಹೊಲಿಸಲು ಬಂದಾಗ ಒಂದು ತೋಳು ಗಿಡ್ಡ ಮಾಡಿ ಹೊಲಿದುಕೊಡುತ್ತಾಳೆ. ಇಡೀ ಚಪ್ಪರ ನಗುತ್ತದೆ, ಅಲ್ಲಿಗೆ ಶುಭಂ. ತಾನು ಕೂಲಿ ಬಿಟ್ಟು ಹೊಲಿಗೆ ಹಿಡಿದದ್ದು ಆ ಗಿಡ್ಡ ತೋಳಿನಿಂದಲೇ ಎಂದು ಅವನು ಹೆಮ್ಮೆಯಿಂದ ಹೇಳಿ ಮುಗಿಸಿದ. ಶ್ರೀಶೈಲ ಪೆನ್ನು ಕೆಳಗಿಟ್ಟ. ಎಲ್ಲಿಯ ತೋಳು, ಎಲ್ಲಿಯ ಅಂಗಿ, ಕೊನೆ ನಡೆಯುವುದೇ ಸಂತೆಯಲ್ಲಿ. ಮೈದುನ ಮಷೀನು ಮಾರಲು ನಿಂತಾಗ ಒಬ್ಬ ವ್ಯಾಪಾರಿಯೂ ಅದನ್ನು ಕೊಳ್ಳುವುದಿಲ್ಲ, ಕದ್ದ ಮಾಲು ಮುಟ್ಟುವುದಿಲ್ಲವೆಂದು ಇಡೀ ಪೇಟೆ ಬಾಗಿಲು ಹಾಕುತ್ತದೆ, ಅವನು ತಾನೇ ಹೊತ್ತು ತಂದು ಕೊಡುತ್ತಾನೆ ಎಂದ. ತಮ್ಮಪ್ಪನ ಅಂಗಡಿಯಲ್ಲಿ ಕೂಡಲು ನಾಚುತ್ತಿದ್ದ ತಾನು ಆ ಕೊನೆಯ ಮೇಲೆಯೇ ವ್ಯಾಪಾರವೂ ಮರ್ಯಾದೆಯ ಕೆಲಸ ಎಂದು ತಿಳಿದದ್ದೆಂದೂ ಸೇರಿಸಿದ. ವಿಜಯಶ್ರೀ ಇಬ್ಬರನ್ನೂ ಮಕ್ಕಳ ತಪ್ಪು ಲೆಕ್ಕ ನೋಡುವಂತೆ ನೋಡಿದಳು. ಸಿನೆಮಾದ ಹೆಣ್ಣುಮಗಳು ಮಷೀನಿನ ಆಸೆಯನ್ನೇ ಬಿಡುತ್ತಾಳೆ, ಅರ್ಧಕ್ಕೆ ಬಿಟ್ಟ ಪರೀಕ್ಷೆ ಕಟ್ಟುತ್ತಾಳೆ, ಟೀಚರಾಗಿ ಅದೇ ಊರಿಗೆ ಬರುತ್ತಾಳೆ, ಮೈದುನನ ಮಗಳನ್ನು ತಾನೇ ಕೈ ಹಿಡಿದು ಸಾಲಿಗೆ ಕರೆತರುತ್ತಾಳೆ ಎಂದಳು.

ಮೂವರೂ ಪ್ರಮಾಣ ಮಾಡಲು ಸಿದ್ಧರಾದರು. ಪರಮಾನಂದ ತನ್ನ ಕತ್ತರಿಯ ಮೇಲೆ ಆಣೆ ಇಟ್ಟ. ಬಸಂತರಾಯರು ಕಿಟಕಿಯಿಂದ ಹೊರಗೆ ನೋಡುತ್ತ, ಎದುರಿನ ಗೋಡೆಯ ಮೇಲಿನ ಗೊಬ್ಬರದ ಜಾಹೀರಾತನ್ನು ಮೂರನೆಯ ಸಲ ಓದುತ್ತಿದ್ದರು. ಕಡೆಗೆ ಶ್ರೀಶೈಲ ಬಾಗಿಲ ಕಡೆ ತಿರುಗಿ, ಮುಖ್ಯ ಅತಿಥಿಗಳೇ ನಿರ್ಣಯ ಮಾಡಬೇಕು ಎಂದ. ಕೇಳಿಬಿಟ್ಟ.

ಇಸಾಕ ಒಮ್ಮೆ ಬಸಂತರಾಯರನ್ನು ನೋಡಿದ, ಒಮ್ಮೆ ತನ್ನ ಕೈ ನೋಡಿಕೊಂಡ. “ಆ ಸಿನೆಮಾ ಇಂಡ್ಯಾಗ ಆರ ದಿನಾ ನಡೀತ್ರಿ” ಎಂದ. “ಮುಂದ ಯಾ ಊರಿಗೂ ಹೋಗಲಿಲ್ಲ, ಪೆಟ್ಟಿಗಿ ತಿರಗಿ ಹೋತು. ಬಂದ ಮಂದೀ ಮಾರಿ ನನಗ ನೆನಪೈತಿ. ನೀವು ಮೂವರೂ ಬಂದಿಲ್ರಿ.”

ನೋಡದ ಸಿನೆಮಾ ಮೂವರ ಕಣ್ಣಿಗೆ ಎಲ್ಲಿಂದ ಬಂತು? ಮೂವರೂ ಹಣೆ ಗಂಟು ಹಾಕಿ ಯೋಚಿಸಿದರು. ಸಂತೆ, ತೋಳು, ಸಾಲಿ ಎಲ್ಲ ನೆನಪಾದವು; ಅವುಗಳ ಹಿಂದೆ ಒಂದು ಕಿಟಕಿ, ಓಡುವ ಬೇವಿನ ಮರ, ಟಿಕೇಟಿನ ಕಟ್ಟು, ಕಂಬಿ ಹಿಡಿದು ನಿಂತ ಒಬ್ಬ ಮನುಷ್ಯ. ಒಬ್ಬೊಬ್ಬರದೂ ಮುಖ ಬಿಳಿಜೋಳದ ಚೀಲದ ಕಡೆ ತಿರುಗಿತು.

ಬಸಂತರಾಯರು ಕಿಟಕಿಯಿಂದ ಕಣ್ಣು ತೆಗೆದರು. ಸುಳ್ಳಿಗೆ ಇನ್ನೂ ಜಾಗವಿತ್ತು. ಇಸಾಕನಿಗೆ ವಯಸ್ಸಾಗಿದೆ ಎನ್ನಬಹುದಿತ್ತು, ಬೇರೆ ಸಿನೆಮಾ ಇರಬೇಕೆನ್ನಬಹುದಿತ್ತು. ಮೂರು ಕೊನೆ ಹೊಂದಿಸಿದವರಿಗೆ ನಾಲ್ಕನೆಯದು ಭಾರವಲ್ಲ. ಅವರು ಬಾಗಿಲ ಬಳಿ ತಲೆ ತಗ್ಗಿಸಿ ಕೂತ ಇಸಾಕನನ್ನು ನೋಡಿದರು, ಆಮೇಲೆ ಹೇಳಿದರು.

“ಮೂರೂ ನನ್ನವು. ಕೇಳಿದ್ರಿ, ಕಟ್ಟಿ ಹೇಳಿದೆ. ನಾ ಇವತ್ತಿನ ಮಟಾ ಒಂದ ಸಿನೆಮಾದ್ದೂ ಕೊನೀ ನೋಡಿಲ್ಲ. ನಾಲ್ಕೂ ಹತ್ತಕ್ಕ ಬಸ್ಸಿತ್ತು.”

ಶ್ರೀಶೈಲ ನಾಲ್ಕು ವರ್ಷದ ನೋಟುಪುಸ್ತಕದ ಮೇಲೆ ಕೈಯಿಟ್ಟುಕೊಂಡು, ಮನೆ ಬಿದ್ದವನಂತೆ ಕೂತ. ಆ ಹನ್ನೊಂದು ಗೆರೆಗಳು ಅವನ ಕಣ್ಣ ಮುಂದೆ ಬಂದಿರಬೇಕು. ಏನು ಮಾಡಬೇಕೆಂದು ತಿಳಿಯದೆ ಕಾರ್ಯಕ್ರಮದ ಪಟ್ಟಿಯಲ್ಲಿ ಮುಂದೇನಿತ್ತೋ ಅದನ್ನು ಮಾಡಿದ, ಗುಂಡಿ ಒತ್ತಿದ. ಟಿ.ವಿ.ಯ ಮೇಲೆ ದಪ್ಪ ಅಕ್ಷರದಲ್ಲಿ ‘ಮಧ್ಯಂತರ’ ಎಂದು ಮೂಡಿತು.

ಬಸಂತರಾಯರು ಎದ್ದರು. ನಾಚಿಕೆಯಿಂದ ಎದ್ದರೋ ಕಾಲಿನ ರೂಢಿಯಿಂದ ಎದ್ದರೋ ಅವರಿಗೂ ತಿಳಿಯಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದರು. ಆಗ ಬ್ಯಾಟರಿಯ ಬೆಳಕು ಅವರ ಕಾಲ ಬಳಿ ಬಿತ್ತು. ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತ ಹೋಗಿ, ಬಿಳಿಜೋಳದ ಚೀಲದ ಮೇಲೆ ಏರಿ ಅಲ್ಲೇ ಉಳಿಯಿತು.

“ಬಸ್ಸು ಹೋಗೇತ್ರಿ ಸಾಹೇಬ್ರ” ಎಂದ ಇಸಾಕ. “ಕೂಡ್ರಿ.”

ಮಹಾಯುದ್ಧಗಳಲ್ಲಿ ಇಂಥ ಗಳಿಗೆಗೆ ಶಂಖ ಊದುತ್ತಾರೆ. ಮುದ್ದೇಬಿಹಾಳದಲ್ಲಿ ಕೆಳಗಿನ ಅಂಗಡಿಯಲ್ಲಿ ಯಾರೋ ಸ್ಪ್ರೇ ಪಂಪು ಇದೆಯೇ ಎಂದು ಕೂಗಿದರು, ಶ್ರೀಶೈಲ ಇಲ್ಲವೆಂದು ಕೂಗಿ ಹೇಳಿದ. ಬಸಂತರಾಯರು ಬೆಳಕನ್ನು ಹಿಡಿದು ಹಿಂದಕ್ಕೆ ನಡೆದು ಕೂತರು. ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಮೊಣಕಾಲ ಮೇಲೆ ಎರಡೂ ಕೈ ಬಿಗಿಹಿಡಿದು, ಅವರು ತಮ್ಮ ಬಾಳಿನ ಮೊದಲ ಉತ್ತರಾರ್ಧ ನೋಡಿದರು.

ಕೊನೆ ಹೀಗಿತ್ತು. ಮಷೀನು ಕಳೆದುಕೊಂಡ ಹೆಣ್ಣುಮಗಳು ಎರಡು ಹಾಡು ಅತ್ತಳು. ಗಂಡನಿಗೆ ಜ್ವರ ಬಂತು. ಆಕೆ ಮಳೆಯಲ್ಲಿ ನೆನೆಯುತ್ತ ವಾಪಸ್ಸು ಹೋಗಿ, ಹೊಡೆದು ಹೊರಗೆ ಹಾಕಿದ ಅದೇ ಗಂಡನ ಕಾಲು ಹಿಡಿದು, ತಪ್ಪಾಯಿತು ಎಂದಳು. ಗಂಡ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ. ಮೂಲೆಯಲ್ಲಿ ಮಷೀನಿನ ಮೇಲೆ ಮೈದುನ ತನ್ನ ಅಂಗಿ ಒಣಹಾಕಿದ್ದ. ಶುಭಂ.

ಮೊದಲು ಸಿಟ್ಟಿಗೆದ್ದವನು ಪರಮಾನಂದ. ಎಣ್ಣೆ ಹಾಕಿದ ಮಷೀನಿನ ಮೇಲೆ ಹಸಿ ಅಂಗಿ ಹಾಕುವವನಿಗೆ ಸಿನೆಮಾ ತೆಗೆಯಲು ಯಾರು ಬಿಟ್ಟರು ಎಂದು ಕೇಳಿದ. ಆಕೆಯ ತಪ್ಪು ಏನೆಂದು ಯಾರಾದರೂ ಹೇಳಿರಿ ಎಂದು ಶ್ರೀಶೈಲ ಎರಡು ಸಲ ಕೇಳಿದ. ವಿಜಯಶ್ರೀ ಮಾತ್ರ ಟಿ.ವಿ. ಆರಿದ ಮೇಲೂ ಅದನ್ನೇ ನೋಡುತ್ತಿದ್ದಳು.

“ಕಾಕಾ” ಎಂದಳು. “ಆವತ್ತ ನನ್ನ ಕೈಯಾಗ ಒಂದ ಗಂಟಿತ್ತು, ನೆನಪೈತಿ?”

ಬಸಂತರಾಯರಿಗೆ ನೆನಪಿತ್ತು. ಸಂಜೆಯ ಬಸ್ಸು, ಬಾಗೇವಾಡಿಯಲ್ಲಿ ಹತ್ತಿದ ಹುಡುಗಿ, ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು.

“ಪುಸ್ತಕದ ಗಂಟು ಅದು. ಲಗ್ನ ಗೊತ್ತ ಮಾಡಿದ್ರು, ಕಾಲೇಜ ಸಾಕು ಅಂದಿದ್ರು. ಮುದ್ದೇಬಿಹಾಳದಾಗ ನಮ್ಮ ಅತ್ತೀ ಮಗಳಿಗೆ ಕೊಡಾಕ ಹೊಂಟಿದ್ದೆ. ನೀವ ಗಂಟಿಗೂ ಒಂದ ಟಿಕೇಟ ಹರದ್ರಿ, ಆಮ್ಯಾಲ ಈ ಕಥೀ ಹೇಳಿದ್ರಿ. ಮರುದಿನ ಅದ ಗಂಟ ತಗೊಂಡು ಅದ ಬಸ್ಸಿಗೆ ವಾಪಸ್ ಬಂದೆ. ನೀವ ಗಂಟ ನೋಡಿದ್ರಿ, ಟಿಕೇಟ ಹರೀಲಿಲ್ಲ.” ಆಕೆ ಆರಿದ ಟಿ.ವಿ. ಕಡೆ ಕೈ ತೋರಿದಳು. “ಆವತ್ತ ನೀವ ಈ ಸಿನೆಮಾ ಪೂರ್ತಿ ನೋಡಿ ಬಂದಿದ್ರ, ನಾ ಇಲ್ಲಿ ಕೂಡತಿದ್ದಿಲ್ಲ.”

ಬಸಂತರಾಯರು ಟವೆಲಿನಿಂದ ಮುಖ ಒರೆಸಿಕೊಂಡರು. ಸೆಕೆ ಇತ್ತು ಎಂದು ಆಮೇಲೆ ಹೊನ್ನವ್ವನಿಗೆ ಹೇಳಿದರು.

“ಲೇ ಬಸಂತ್ಯಾ” ಎಂದ ಪರಮಾನಂದ. “ಗಿಡ್ಡ ತೋಳು ಯಾವದು? ಎಡದ್ದೋ ಬಲದ್ದೋ? ಮೂವತ್ತ ವರ್ಷ ಆತು, ನೀ ಹೇಳಿಲ್ಲ.”

“ಬಲದ್ದು” ಎಂದರು ಬಸಂತರಾಯರು, ಒಂದು ಕ್ಷಣವೂ ತಡೆಯದೆ. “ಮದಿವ್ಯಾಗ ಆಹೇರಿ ಉಡುಗೊರಿ ಈಸ್ಕೊಳ್ಳಾಕ ಬಲಗೈನ ಮುಂದ ಮಾಡ್ತಾರಲ್ಲ, ಎಲ್ಲಾರಿಗೂ ಕಾಣಬೇಕು.”

ಪರಮಾನಂದ ತೃಪ್ತನಾದ. ಶ್ರೀಶೈಲ ಪೆನ್ನಿನ ಮುಚ್ಚಳ ತೆಗೆದ. ಅವನು ಸತ್ಯವಂತ, ಕಾರ್ಯದರ್ಶಿ, ಬರೆಯುವುದನ್ನು ಬರೆಯಲೇಬೇಕು. ಆ ತಿಂಗಳ ಹಾಳೆಯಲ್ಲಿ ಅವನು ಬರೆದದ್ದು ಇಷ್ಟು: ‘ಹೊಲಿಗೆ ಮಷೀನಿನ ಸಿನೆಮಾ ತೆಗೆದವರು ಮಧ್ಯಂತರದ ನಂತರ ವಿಷಯ ಬಿಟ್ಟು ಹೋಗಿರುತ್ತಾರೆ. ಸದರಿ ಸಿನೆಮಾಕ್ಕೆ ಈ ಮಂಡಳಿಯಲ್ಲಿ ಮೂರು ಕೊನೆಗಳು ಚಾಲ್ತಿಯಲ್ಲಿದ್ದು, ಅವನ್ನೇ ಖಾಯಂ ಮಾಡಲಾಗಿದೆ.’ ಕೆಳಗೆ ಎಲ್ಲರೂ ಸಹಿ ಮಾಡಿದರು. ಅಧ್ಯಕ್ಷರ ಜಾಗದಲ್ಲಿ ಬಸಂತರಾಯರೇ ಮಾಡಿದರು.

ಮಧ್ಯಾಹ್ನ ಊಟವಾದ ಮೇಲೆ ಅವರು ಇಸಾಕನನ್ನು ಬಿಟ್ಟುಬರಲು ಬಸ್ ನಿಲ್ದಾಣಕ್ಕೆ ನಡೆದರು. ಇಂಡಿಯ ಬಸ್ಸು ನಿಂತಿತ್ತು. ಇಸಾಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಮತ್ತೆ ಇಳಿದ. ಬ್ಯಾಟರಿಯ ಗುಂಡಿಯನ್ನು ಒತ್ತುತ್ತ ಬಿಡುತ್ತ ನಿಂತ. ಹಗಲಲ್ಲಿ ಅದರ ಬೆಳಕು ಕಾಣುತ್ತಿರಲಿಲ್ಲ.

ಮೂವತ್ತು ವರ್ಷ ದಿನಕ್ಕೆ ಮೂರು ಸಲ ಕೊನೆಗಳನ್ನು ನೋಡಿದವನು ತಾನು ಎಂದ. ಒಂದು ಸಿನೆಮಾವನ್ನು ಮಾತ್ರ ನೋಡಲಾಗದೆ, ಕೊನೆ ಬಂದಾಗಲೆಲ್ಲ ಹೊರಗೆ ಹೋಗಿ ನಿಲ್ಲುತ್ತಿದ್ದನಂತೆ. ನಾಡು ಬಿಟ್ಟು ಹೋದ ತಮ್ಮನ ಸಿನೆಮಾ. ಕೊನೆಯಲ್ಲಿ ಅಣ್ಣ ಬಾಗಿಲು ತೆಗೆಯುವಷ್ಟರಲ್ಲಿ ತಮ್ಮ ಹೊಸ್ತಿಲ ಮೇಲೆ ಪ್ರಾಣ ಬಿಟ್ಟಿರುತ್ತಾನೆ. ಇಸಾಕನ ತಮ್ಮ ಸೊಲ್ಲಾಪುರಕ್ಕೆ ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು, ಮಾತಿರಲಿಲ್ಲ. ಇದನ್ನು ಬಸಂತರಾಯರು ಬಲ್ಲರು.

“ಅದರ ಕೊನೀ” ಎಂದ ಇಸಾಕ, “ನೀವ್ ಬಸ್ಸಿನ್ಯಾಗ ಏನಂತ ಹೇಳಿದ್ರಿ?”

ಬಸಂತರಾಯರು ಆ ಸಿನೆಮಾವನ್ನು ಯಾರಿಗೆ, ಏನೆಂದು ಹೇಳಿದ್ದರೋ ಮರೆತಿದ್ದರು. ಅವರು ಇಸಾಕನ ಮುಖ ನೋಡಿದರು. ಯಾವ ಊರಲ್ಲಿ ಇಳಿಯಬೇಕಾದ ಮನುಷ್ಯ ಎಂಬುದು ನೋಡಿದರೆ ತಿಳಿಯುವಂತಿತ್ತು.

“ತಮ್ಮ ಬಂದು ಬಾಗಲಾ ಬಡೀತಾನ ಅನ್ನೂದೆಲ್ಲ ಅವರ ಕಥೀರಿ” ಎಂದು ಶುರುಮಾಡಿದರು. “ಖರೇ ಏನಂದ್ರ, ಮೊದಲ ಹೊಂಟಾಂವ ಅಣ್ಣ.”

ಇಂಡಿಯ ಬಸ್ಸಿನ ಕಂಡಕ್ಟರು ಎರಡು ಸಲ ಸೀಟಿ ಊದಿದ, ಹತ್ತುವವರು ಹತ್ತಿರಿ ಎಂದು ಕೂಗಿದ. ಇಸಾಕ ತಿರುಗಿಯೂ ನೋಡದೆ ಕಟ್ಟೆಯ ಮೇಲೆ ಗಟ್ಟಿಯಾಗಿ ಕೂತುಬಿಟ್ಟ. ಬಸ್ಸು ಹೋಯಿತು. ಬಸಂತರಾಯರು ಪಕ್ಕದಲ್ಲಿ ಕೂತು ಕಥೆಯ ಅಣ್ಣನನ್ನು ಸೊಲ್ಲಾಪುರದ ಬಸ್ಸು ಹತ್ತಿಸಿದರು.